ನಿಮಗಿದು ಗೊತ್ತೆ? ಶ್ವಾಸಕೋಶದ ಕಾಯಿಲೆಗೆ ಉಗುರಿನ ಬುಡದಲ್ಲಿ ಸುಳಿವು

ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಬಂದವರ ಉಗುರನ್ನೂ ವೈದ್ಯರು ನೋಡುವುದುಂಟು. ಶ್ವಾಸಕೋಶದ ಗಾಳಿಚೀಲಗಳ ನಡುವಿನ ತೆಳು ಅಂಗಾಂಶ ಗಡಸಾಗುವ ಇಂಟರ್‌ಸ್ಟಿಶಿಯಲ್ ಕಾಯಿಲೆಯ ಹಿಂದೆ ಕೆಲವೊಮ್ಮೆ ಚರ್ಮವನ್ನು ಗಡಸಾಗಿಸುವ ಸ್ಕ್ಲೆರೋಡರ್ಮಾ ಎಂಬ ರೋಗ ಅಡಗಿರುತ್ತದೆ. ಅದರ ಗುರುತು ಉಗುರಿನ ಬುಡದ ಲೋಮನಾಳಗಳಲ್ಲಿ (ಅತಿ ಸಣ್ಣ ರಕ್ತನಾಳಗಳಲ್ಲಿ) ಬೇಗನೆ ಮೂಡುತ್ತದೆ.

ಇದನ್ನು ನೋಡಲು ಸೂಜಿ ಚುಚ್ಚಬೇಕಿಲ್ಲ, ನೋವಿಲ್ಲ. ಬುಡದ ಚರ್ಮಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ಸುಮಾರು 200 ಪಟ್ಟು ಹಿಗ್ಗಿಸುವ ವಿಡಿಯೊ ಸೂಕ್ಷ್ಮದರ್ಶಕ ಇಟ್ಟರೆ ಸಾಕು. ಆರೋಗ್ಯವಂತರಲ್ಲಿ ನಾಳಗಳು ಹೇರ್‌ಪಿನ್ನಿನಂತೆ ಬಾಗಿ ಸಾಲಾಗಿ ನಿಂತಿರುತ್ತವೆ. ಸ್ಕ್ಲೆರೋಡರ್ಮಾದಲ್ಲಿ ಕೆಲವು 50 ಮೈಕ್ರಾನ್‌ಗೂ ಮೀರಿ ಉಬ್ಬುತ್ತವೆ, ಪಕ್ಕದಲ್ಲೇ ರಕ್ತ ಒಸರಿದ ಚುಕ್ಕೆಗಳು. ರೋಗ ಬಲಿತಂತೆ ನಾಳಗಳೇ ಅಳಿದು ಬಯಲು ಉಳಿಯುತ್ತದೆ. 2000ದಲ್ಲಿ ಇಟಲಿಯ ಮೌರಿಜಿಯೊ ಕುಟೋಲೊ ತಂಡ ಈ ಬದಲಾವಣೆಗಳನ್ನು ಆರಂಭಿಕ, ಸಕ್ರಿಯ, ಅಂತಿಮ ಎಂದು ಮೂರು ಹಂತಗಳಾಗಿ ವಿಂಗಡಿಸಿತು.

ಆದರೆ ಉಗುರು ಶ್ವಾಸಕೋಶವನ್ನು ತೋರಿಸದು. ಅದಕ್ಕೆ ಹೈ ರೆಸಲ್ಯೂಶನ್ ಸಿ.ಟಿ. ಸ್ಕ್ಯಾನೇ ಬೇಕು. ಒಂದೂವರೆ ಮಿ.ಮೀ. ಮೀರದ ತೆಳು ಪದರಗಳ ಚಿತ್ರದಲ್ಲಿ ಮಬ್ಬು ಗಾಜಿನಂಥ ಛಾಯೆಯೂ, ಮತ್ತೆ ಸರಿಹೋಗದ ‘ಜೇನುಗೂಡು’ ಕಲೆಯೂ ಬೇರೆಬೇರೆಯಾಗಿ ಕಾಣುತ್ತವೆ. ಎದೆಯ ಸಾಮಾನ್ಯ ಎಕ್ಸ್‌ರೇಯಲ್ಲಿ ಇವು ತಪ್ಪಿಹೋಗಬಹುದು.

ಸ್ಕ್ಲೆರೋಡರ್ಮಾ ಗುರುತಿಸುವ 2013ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಉಗುರಿನ ನಾಳಗಳ ವಿಕಾರಕ್ಕೂ ಶ್ವಾಸಕೋಶದ ತೊಂದರೆಗೂ ತಲಾ 2 ಅಂಕ.

ಚಳಿಗೆ ಬೆರಳು ಬಿಳಿಚಿ, ನೀಲಿಗಟ್ಟುವುದು ಸ್ಕ್ಲೆರೋಡರ್ಮಾದ ಸೂಚನೆಯೂ ಇರಬಹುದು, ಆದರೆ ಬಹಳಷ್ಟು ಜನರಲ್ಲಿ ಅದು ಅಪಾಯಕಾರಿಯಲ್ಲ. ಜೊತೆಗೆ ಉಸಿರಾಟದ ತೊಂದರೆಯೂ ಇದ್ದರೆ ತಡಮಾಡದೆ ಸಂಧಿವಾತ ತಜ್ಞರನ್ನು ಕಾಣಿ.