ಹಳೆಯ ಗಣಕಯಂತ್ರಕ್ಕೆ ಹೊಸ ಭಾಷೆ

ಕಳೆದ ಬೇಸಗೆಯಲ್ಲಿ ನಾವು ಮೈಸೂರಿನಲ್ಲಿರುವ ನಮ್ಮ ತಂಗಿಯ ಮನೆಗೆ ನಾಲ್ಕು ದಿನ ಇದ್ದು ಬರಲೆಂದು ಹೋಗಿದ್ದೆವು. ಸಾಯಂಕಾಲದ ಕಾಫಿಯಾದ ತರುವಾಯ ತಂಗಿಯು ಒಳಗಿನಿಂದ ಒಂದು ಕಾಗದವನ್ನು ತಂದು ನಮ್ಮ ಮುಂದಿಟ್ಟಳು. "ಅಣ್ಣಯ್ಯ, ಇದಕ್ಕೆ ನನ್ನ ರುಜು ಬೇಕಂತೆ. ಇಂಗ್ಲಿಷಿನಲ್ಲಿದೆ, ನೀನೊಮ್ಮೆ ಓದಿ ಹೇಳು" ಎಂದಳು. ಓದಿದೆವು. ಆಕೆಯ ಮಗಳು ಹನ್ನೊಂದನೆಯ ತರಗತಿಯಲ್ಲಿ ಆರಿಸಿಕೊಂಡಿದ್ದ ಗಣಕವಿಜ್ಞಾನವನ್ನು ಬಿಟ್ಟು ಬೇರೊಂದು ವಿಷಯವನ್ನು ತೆಗೆದುಕೊಳ್ಳುತ್ತೇನೆಂದು ಶಾಲೆಗೆ ಬರೆದ ಅರ್ಜಿಯದು. ಹುಡುಗಿಯು ನಡುಮನೆಯ ಬಾಗಿಲಿನ ಹಿಂದೆ ನಿಂತು ನಮ್ಮ ಮುಖವನ್ನೇ ನೋಡುತ್ತಿದ್ದಳು.

ಕಾರಣವನ್ನು ಕೇಳಲು ಸಂಗತಿಯು ಒಂದೊಂದಾಗಿ ಹೊರಬಿದ್ದಿತು. ರಜೆಯಲ್ಲಿ ಮನೆಯ ಗಣಕಯಂತ್ರದಲ್ಲಿ ಪೈಥಾನ್ ಎಂಬ ಭಾಷೆಯನ್ನು ಸ್ಥಾಪಿಸಿಕೊಂಡು ಅಭ್ಯಾಸ ಮಾಡಿಕೊಂಡು ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಹುಡುಗಿಯು ತಾನೇ ಪ್ರಯತ್ನಿಸಿದಳು, ಆಗಲಿಲ್ಲ. ಬೀದಿಯ ಕೊನೆಯ ಅಂಗಡಿಯವನನ್ನು ಕರೆಸಲಾಗಿ, ಅವನು ಯಂತ್ರವನ್ನು ತೆರೆದೂ ನೋಡದೆ, "ಇಂಥ ಹಳೆಯದಕ್ಕೆ ಅದು ಹತ್ತುವುದಿಲ್ಲ, ಹೊಸದನ್ನು ಕೊಳ್ಳಿ, ನಲವತ್ತು ಸಾವಿರದೊಳಗೆ ಮುಗಿಸಿಕೊಡುತ್ತೇನೆ" ಎಂದನಂತೆ. ತಂಗಿಯು ಮನೆಯಲ್ಲಿಯೇ ರವಿಕೆ ಹೊಲಿದು ಸಂಸಾರ ನಡೆಯಿಸುವವಳು. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕೈಬಳೆಗಳನ್ನು ಅಡವಿಡುವ ಮಾತೆತ್ತಿದಳು. ಅದನ್ನು ಕೇಳಿದ ಹುಡುಗಿಯು ಯಾರಿಗೂ ಹೇಳದೆ ಅರ್ಜಿಯನ್ನು ತಂದಳು. "ನನಗೆ ಆ ವಿದ್ಯೆ ಹತ್ತುವುದಿಲ್ಲ, ಮಾವ" ಎಂದು ನಮ್ಮೊಡನೆ ಹೇಳಿದಳೇ ಹೊರತು ಬಳೆಯ ಮಾತನ್ನು ಆಡಲಿಲ್ಲ.

ನಾವು ಗಣಕವಿದ್ಯೆಯಲ್ಲಿ ಪಂಡಿತರಲ್ಲ. ಕಚೇರಿಯ ಲೆಕ್ಕಪತ್ರಗಳಿಗಾಗಿ ಕೆಲವು ಕಾಲ ಈ ಭಾಷೆಯನ್ನು ಬಳಸಿದ ಅಲ್ಪ ಪರಿಚಯ ಮಾತ್ರ ನಮಗುಂಟು. ಆದಾಗ್ಯೂ ರುಜುವನ್ನು ನಾಳೆ ನೋಡಿಕೊಳ್ಳೋಣವೆಂದು ಕಾಗದವನ್ನು ಪಂಚಾಂಗದ ಕೆಳಗಿರಿಸಿ ಯಂತ್ರದ ಮುಂದೆ ಕುಳಿತೆವು. ಮುಂದೆ ನಡೆದುದನ್ನು ಇಲ್ಲಿ ಬರೆಯುವುದೇಕೆಂದರೆ, ಇಂಥ ಅರ್ಜಿಯು ಇನ್ನೆಷ್ಟೋ ಮನೆಗಳಲ್ಲಿ ಪಂಚಾಂಗದ ಕೆಳಗೆ ಇದ್ದಿರಬಹುದು.

ಮೊದಲು ಈ "ಭಾಷೆ" ಎಂದರೇನೆಂಬುದನ್ನು ಹೇಳಬೇಕು. ತಂಗಿಯೂ ಅದನ್ನೇ ಕೇಳಿದಳು. ಗಣಕಯಂತ್ರದ ಹೃದಯದಲ್ಲಿರುವ ಸಣ್ಣ ಬಿಲ್ಲೆಗೆ ಸೊನ್ನೆ ಮತ್ತು ಒಂದು ಎಂಬೆರಡು ಗುರುತುಗಳ ಸಾಲುಗಳಲ್ಲದೆ ಬೇರೇನೂ ತಿಳಿಯದು. ಮನುಷ್ಯನು ಆ ಸಾಲುಗಳಲ್ಲಿ ಮಾತನಾಡಲಾರನು. ಆದುದರಿಂದ ನಡುವೆ ಒಬ್ಬ ದುಭಾಷಿ ಬೇಕು. ನಾವು ಕೆಲವು ಇಂಗ್ಲಿಷ್ ಮಾತುಗಳಿಂದಲೂ ಲೆಕ್ಕದ ಚಿಹ್ನೆಗಳಿಂದಲೂ ನಿಯಮಬದ್ಧವಾಗಿ ಬರೆದುದನ್ನು ಆ ದುಭಾಷಿಯು ಓದಿ ಯಂತ್ರದಿಂದ ಮಾಡಿಸುತ್ತಾನೆ. ಪೈಥಾನನ್ನು ಸ್ಥಾಪಿಸುವುದೆಂದರೆ ಈ ದುಭಾಷಿಯನ್ನು ಮನೆಗೆ ಕರೆತಂದು ಅವನಿಗೊಂದು ಕೋಣೆಯನ್ನು ಕೊಡುವುದು, ಅಷ್ಟೆ. ಇದಕ್ಕೆ ದುಡ್ಡು ಬೇಡ. 2001ರಲ್ಲಿ ಸ್ಥಾಪಿತವಾದ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಸಂಸ್ಥೆಯು ಇದನ್ನು ಯಾರಿಗಾದರೂ ಬಿಟ್ಟಿಯಾಗಿಯೇ ಕೊಡುತ್ತಿದೆ. ಹಣ ಕೇಳುವವರು ತಮ್ಮ ಶ್ರಮಕ್ಕೆ ಕೇಳಿದರೆ ಕೇಳಲಿ; ಭಾಷೆಯ ಬೆಲೆಯೆಂದು ಕೇಳಿದರೆ ಕೊಡಕೂಡದು.

ಹೆಸರನ್ನು ಕೇಳಿ ತಂಗಿಯು, "ಹೆಬ್ಬಾವೇ?" ಎಂದು ನಕ್ಕಳು. ಅದರ ಚಿಹ್ನೆಯಲ್ಲಿ ಎರಡು ಹಾವುಗಳಿರುವುದು ನಿಜ. ಹೆಸರು ಮಾತ್ರ ಹಾವಿನಿಂದ ಬಂದುದಲ್ಲ. ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ ಗಣಿತ ಮತ್ತು ಗಣಕವಿಜ್ಞಾನದ ಸಂಶೋಧನ ಸಂಸ್ಥೆಯೊಂದುಂಟು. ಅಲ್ಲಿದ್ದ ಖೀಡೊ ವಾನ್ ರೋಸಮ್ ಎಂಬವರು 1989ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಯ ಬೇಸರ ಕಳೆಯಲೆಂದು ಈ ಭಾಷೆಯನ್ನು ಕಟ್ಟಲು ತೊಡಗಿದರು. ಅದಕ್ಕೆ ಮೊದಲು ಅವರು ಅದೇ ಸಂಸ್ಥೆಯಲ್ಲಿ, ವೃತ್ತಿನಿಪುಣರಲ್ಲದವರಿಗಾಗಿಯೇ ರಚಿತವಾದ ಎಬಿಸಿ ಎಂಬ ಭಾಷೆಗೆ ದುಡಿದಿದ್ದರು. ಪೈಥಾನಿನ ಸರಳತೆಗೆ ಆ ಅನುಭವವೂ ಒಂದು ಕಾರಣ. 1969ರಿಂದ 1974ರ ವರೆಗೆ ಬಿಬಿಸಿಯಲ್ಲಿ ಪ್ರದರ್ಶಿತವಾದ ಮಾಂಟಿ ಪೈಥಾನ್ ಎಂಬ ಹಾಸ್ಯತಂಡದ ಕಾರ್ಯಕ್ರಮವೆಂದರೆ ಅವರಿಗೆ ಬಹಳ ಇಷ್ಟ. ಹೆಸರು ಅಲ್ಲಿಂದ ಬಂದುದು. 1991ರ ಫೆಬ್ರವರಿಯಲ್ಲಿ ಅದು ಮೊದಲು ಲೋಕಕ್ಕೆ ಬಿಡುಗಡೆಯಾಯಿತು. ಎಲ್ಲ ಲಿಪಿಗಳಿಗೂ ಗಣಕದಲ್ಲಿ ಒಂದೊಂದು ಸ್ಥಾನವನ್ನು ನಿಗದಿಮಾಡಿದ ಯೂನಿಕೋಡಿನ ಮೊದಲನೆಯ ಆವೃತ್ತಿಯು ಹೊರಟುದೂ, ಅದರಲ್ಲಿ ಕನ್ನಡಕ್ಕೆ ಜಾಗ ದೊರೆತುದೂ ಅದೇ ವರ್ಷವೇ. ಇದನ್ನು ಕಾಕತಾಳೀಯವೆನ್ನಬಹುದು, ಆದರೆ ಅದರ ಫಲವನ್ನು ನಾವು ಆ ರಾತ್ರಿಯೇ ಕಂಡೆವು.

ಇನ್ನು ಯಂತ್ರದ ವಿಚಾರ. ಅದರಲ್ಲಿದ್ದುದು ವಿಂಡೋಸ್ 7. ಇದು 2009ರಲ್ಲಿ ಬಂದುದು. ಇದರ ರಿಪೇರಿಯ ಹೊಣೆಯನ್ನು ಅದರ ತಯಾರಕರು 2020ರ ಜನವರಿಯಲ್ಲಿ ಬಿಟ್ಟರು. ಹುಡುಗಿಯು ಪೈಥಾನಿನ ಅತ್ಯಂತ ಹೊಸ ಆವೃತ್ತಿಯನ್ನು ಇಳಿಸಿಕೊಂಡಿದ್ದಳು. ಯಾರಾದರೂ ಹಾಗೆಯೇ ಮಾಡುತ್ತಾರೆ. ಪುಟದ ನೆತ್ತಿಯ ಮೇಲೆ ದೊಡ್ಡ ಗುಂಡಿಯಿರುವುದೇ ಅದಕ್ಕೆ. ಅದು "ಸ್ಥಾಪನೆ ವಿಫಲವಾಯಿತು" ಎಂದು ದಪ್ಪಕ್ಷರದಲ್ಲಿ ಹೇಳಿ ನಿಂತುಬಿಟ್ಟಿತ್ತು. ಆಕೆ ಅಷ್ಟನ್ನೇ ಓದಿ ಅಂಜಿದ್ದಳು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದಕ್ಕೆ ವಿಂಡೋಸಿನ ಮುಂದಿನ ಆವೃತ್ತಿ ಬೇಕೆಂದು ಕಾರಣವನ್ನೂ ಬರೆದಿತ್ತು. ಗಣಕಯಂತ್ರವು ತಪ್ಪೆಂದು ಹೇಳಿದಾಗ ಕೊನೆಯ ಸಾಲಿನ ವರೆಗೂ ಓದಬೇಕೆಂದು ನಾವು ಆಕೆಗೆ ಹೇಳಿದೆವು. ಸರಕಾರದ ಕಾಗದಗಳಿಗಿಂತ ಇವು ಎಷ್ಟೋ ಪಾಲು ನೇರವಾಗಿರುತ್ತವೆ.

2020ರ ಅಕ್ಟೋಬರಿನಲ್ಲಿ ಹೊರಟ 3.9ರಿಂದ ಮುಂದಿನ ಪೈಥಾನುಗಳು ವಿಂಡೋಸ್ 7ರ ಮೇಲೆ ನಿಲ್ಲುವುದಿಲ್ಲ. ಅದರ ಹಿಂದಿನ 3.8 ನಿಲ್ಲುತ್ತದೆ. ಆ ಶಾಖೆಯಲ್ಲಿಯೂ ಸ್ಥಾಪಕ ಕಡತದೊಡನೆ ಬಂದ ಕೊನೆಯದು 2021ರ ಮೇ ತಿಂಗಳಿನ 3.8.10. ಅಂಗಡಿಯವನು ಹೊಸದು ಹತ್ತುವುದಿಲ್ಲವೆಂದು ಹೇಳಿದ್ದರೆ ನಿಜವಾಗುತ್ತಿತ್ತು. ಯಾವುದೂ ಹತ್ತುವುದಿಲ್ಲವೆಂದನು, ಅದು ಸುಳ್ಳಾಯಿತು. ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. 3.8ರ ಲೋಪಗಳನ್ನು ತಿದ್ದುವ ಕೆಲಸವು 2024ರ ಅಕ್ಟೋಬರಿಗೆ ನಿಂತುಹೋಗಿದೆ. ಹಳೆಯ ವಿಂಡೋಸು, ಹಳೆಯ ಪೈಥಾನು ಎರಡೂ ಕೂಡಿದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮುಂತಾದವನ್ನು ಮಾಡತಕ್ಕದ್ದಲ್ಲ. ಪಾಠ ಕಲಿಯುವುದಕ್ಕೆ ಮಾತ್ರ, ಅಂತರಜಾಲದ ತಂತಿಯನ್ನು ಕಿತ್ತಿಟ್ಟೇ ಬಳಸಿದರೆ ಬಾಧಕವಿಲ್ಲ. ಹನ್ನೊಂದನೆಯ ತರಗತಿಯ ಪಾಠಗಳಿಗೆ 3.8 ಧಾರಾಳವಾಗಿ ಸಾಲುತ್ತದೆ. 2020ರ ಜನವರಿಯ ಮೊದಲ ತೇದಿಗೆ ಆಯುಸ್ಸು ಮುಗಿದ ಎರಡನೆಯ ಪೈಥಾನನ್ನು ಮಾತ್ರ ಮುಟ್ಟಬಾರದು. ಮೂರನೆಯದಕ್ಕೂ ಅದಕ್ಕೂ ವ್ಯಾಕರಣದಲ್ಲಿಯೇ ಭೇದವಿದೆ.

ನಮ್ಮ ಬಳಿಯಿದ್ದ ಮಡಿಲಗಣಕದಲ್ಲಿ ಪೈಥಾನ್ ಡಾಟ್ ಆರ್ಗ್ ಎಂಬ ಮೂಲಸ್ಥಾನದಿಂದಲೇ ಕಡತವನ್ನು ಇಳಿಸಿದೆವು. ಮೂವತ್ತು ಮೆಗಾಬೈಟಿಗೂ ಕಡಿಮೆ; ಮದುವೆಯ ಒಂದು ಚಲನಚಿತ್ರಕ್ಕಿಂತ ಹಗುರ. ಅಲ್ಲಿ 32 ಬಿಟ್, 64 ಬಿಟ್ ಎಂದು ಎರಡು ಬಗೆಗಳುಂಟು. ಯಂತ್ರದಲ್ಲಿ "ಕಂಪ್ಯೂಟರ್" ಎಂಬ ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ "ಪ್ರಾಪರ್ಟೀಸ್" ಎಂಬುದನ್ನು ನೋಡಿದರೆ ಯಾವುದು ತಕ್ಕುದೆಂದು ತಿಳಿಯುವುದು. 32ರ ಯಂತ್ರಕ್ಕೆ 64ರದು ಒಗ್ಗದು. ಕಡತವನ್ನು ಪೆನ್‌ಡ್ರೈವಿನಲ್ಲಿ ತುಂಬಿ ಹಳೆಯ ಯಂತ್ರಕ್ಕೆ ದಾಟಿಸಿದೆವು. ಹುಡುಗಿಯು "ಇನ್‌ಸ್ಟಾಲ್ ನೌ" ಎಂಬುದನ್ನು ಒತ್ತಿದಳು. ಹಸಿರು ಪಟ್ಟಿಯು ಎಡದಿಂದ ಬಲಕ್ಕೆ ತುಂಬುತ್ತ ಹೋಗಿ, ಯಶಸ್ವಿಯಾಯಿತೆಂದು ತೋರಿಸಿತು. ತಂಗಿಯು ಹೊಲಿಗೆಯನ್ನು ನಿಲ್ಲಿಸಿ ಬಂದಳು.

ಆದರೆ ಕಪ್ಪು ಕಿಟಕಿಯನ್ನು ತೆರೆದು "ಪೈಥಾನ್" ಎಂದು ಬರೆಯಲು, ಅಂಥ ಆಜ್ಞೆಯೇ ತನಗೆ ಗೊತ್ತಿಲ್ಲವೆಂದು ಯಂತ್ರವು ಉತ್ತರ ಕೊಟ್ಟಿತು. ಹುಡುಗಿಯ ಮುಖ ಇಳಿದುಹೋಯಿತು. "ನಾನು ಹೇಳಲಿಲ್ಲವೇ, ಮಾವ" ಎಂದು ಎದ್ದು ನಿಂತಳು. ತಪ್ಪು ಆಕೆಯದಲ್ಲ, ನಮ್ಮದು. ಸ್ಥಾಪನೆಯ ಮೊದಲ ಪರದೆಯ ತಳದಲ್ಲಿ ಒಂದು ಸಣ್ಣ ಚೌಕವುಂಟು: ಪೈಥಾನನ್ನು "ಪಾತ್" ಎಂಬುದಕ್ಕೆ ಸೇರಿಸಲೇ ಎಂದು ಅದು ಕೇಳುತ್ತದೆ. ಅದರಲ್ಲಿ ಮೊದಲೇ ಗುರುತು ಹಾಕಿರುವುದಿಲ್ಲ. ಹೇಳಿಕೊಡಲು ಕುಳಿತ ನಾವೇ ಅದನ್ನು ಗಮನಿಸದೆ ಬಿಟ್ಟಿದ್ದೆವು. ಹೊಸದಾಗಿ ಕಲಿಯುವವರು ನಿರಾಶರಾಗುವುದು ಬಹುಮಟ್ಟಿಗೆ ಈ ಒಂದು ಚೌಕದಿಂದಲೇ ಎಂದು ನಮ್ಮ ಎಣಿಕೆ.

ಹುಡುಗಿಯನ್ನು ಕೂಡಿಸಿ ಅಡಿಗೆಮನೆಯ ಮಾತಿನಲ್ಲಿಯೇ ವಿವರಿಸಿದೆವು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನೊಬ್ಬನಿಗೆ, ಏನನ್ನು ಕೇಳಿದರೂ ಇಂಥಿಂಥ ನಾಲ್ಕು ಗೂಡುಗಳಲ್ಲಿ ಮಾತ್ರ ಹುಡುಕು ಎಂದು ಪಟ್ಟಿ ಬರೆದುಕೊಟ್ಟಿದ್ದೇವೆನ್ನಿ. ಏಲಕ್ಕಿಯು ಅಟ್ಟದ ಮೇಲಿನ ಡಬ್ಬಿಯಲ್ಲಿದೆ; ಅಟ್ಟವು ಪಟ್ಟಿಯಲ್ಲಿಲ್ಲ. ಅವನು ನಾಲ್ಕು ಗೂಡುಗಳನ್ನೂ ನೋಡಿ, ಮನೆಯಲ್ಲಿ ಏಲಕ್ಕಿ ಇಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳುವನು. ಪಾತ್ ಎಂಬುದು ಆ ಪಟ್ಟಿ. ಪೈಥಾನು ಯಂತ್ರದೊಳಗೆ ಸುಖವಾಗಿ ಕುಳಿತಿತ್ತು; ಅದರ ಕೋಣೆಯ ಹೆಸರು ಮಾತ್ರ ಪಟ್ಟಿಯಲ್ಲಿರಲಿಲ್ಲ. ತಂಗಿಯು ಕೂಡಲೆ, "ಹಾಗಾದರೆ ಪಟ್ಟಿಯಲ್ಲಿ ಬರೆದರಾಯಿತು" ಎಂದಳು. ಎಷ್ಟೋ ಪುಸ್ತಕಗಳಲ್ಲಿ ಒಂದು ಅಧ್ಯಾಯ ಹಿಡಿಯುವ ವಿಷಯವನ್ನು ಆಕೆ ಒಂದು ಮಾತಿನಲ್ಲಿ ಮುಗಿಸಿದಳು.

ಮತ್ತೆ ಅದೇ ಸ್ಥಾಪಕ ಕಡತವನ್ನು ತೆರೆದು "ಮಾಡಿಫೈ" ಎಂಬುದನ್ನು ಒತ್ತಿ, ಮುಂದಿನ ಪರದೆಯಲ್ಲಿ ಪರಿಸರದ ಪಟ್ಟಿಗೆ ಸೇರಿಸೆಂಬ ಚೌಕದಲ್ಲಿ ಗುರುತು ಹಾಕಿಸಿದೆವು. ಈ ಸಾರಿ ಹುಡುಗಿಯೇ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿ ಮುಂದೆ ಹೋದಳು. ಆದರೂ ಕಪ್ಪು ಕಿಟಕಿಯು ಹಳೆಯ ಉತ್ತರವನ್ನೇ ಕೊಟ್ಟಿತು! ಅದು ತೆರೆದಾಗ ಇದ್ದ ಪಟ್ಟಿಯನ್ನೇ ಹಿಡಿದುಕೊಂಡಿರುವುದರಿಂದ ಅದನ್ನು ಮುಚ್ಚಿ ಹೊಸದಾಗಿ ತೆರೆಯಬೇಕು. ಈ ಕಾರಣವನ್ನು ನಾವು ಹೇಳುವ ಮೊದಲೇ ಆಕೆ ಊಹಿಸಿ ಕಿಟಕಿಯನ್ನು ಮುಚ್ಚಿದಳು. ಮರಳಿ ತೆರೆದು ಬರೆಯಲು, ಬಲಕ್ಕೆ ತಿರುಗಿದ ಮೂರು ಬಾಣದ ಮೊನೆಗಳು ಮೂಡಿ ನಿಂತವು. ದುಭಾಷಿಯು "ಹೇಳಿ" ಎಂದು ಕಾಯುತ್ತಿರುವುದಕ್ಕೆ ಅದೇ ಗುರುತು.

ಲಿನಕ್ಸ್ ಇರುವ ಯಂತ್ರಗಳಲ್ಲಿ ಇಷ್ಟು ಪಾಡಿಲ್ಲ. ಬಹುಮಟ್ಟಿಗೆ ಅವುಗಳಲ್ಲಿ ಪೈಥಾನು ಮೊದಲೇ ಇರುವುದು. ಅಲ್ಲಿ ಎಚ್ಚರಿಕೆಯೊಂದೇ: ಅದನ್ನು ಅನಾವಶ್ಯಕವೆಂದು ತೆಗೆದುಹಾಕಬಾರದು, ವ್ಯವಸ್ಥೆಯ ಕೆಲಸಗಳೇ ಅದನ್ನು ನಂಬಿಕೊಂಡಿರುತ್ತವೆ.

ಊಟವಾದ ಮೇಲೆ ಹುಡುಗಿಯು ಪೈಥಾನಿನ ಜೊತೆಯಲ್ಲಿಯೇ ಬರುವ ಐಡಲ್ ಎಂಬ ಬಿಳಿಯ ಬರವಣಿಗೆಯ ಕಿಟಕಿಯನ್ನು ತೆರೆದಳು. ಸಾಲಿನ ಮೊದಲಲ್ಲಿ ಸುಮ್ಮನೆ ಒಂದು ಎಡೆ ಬಿಟ್ಟು ಬರೆದುದಕ್ಕೆ ಯಂತ್ರವು ಆಕ್ಷೇಪಿಸಿತು. ಈ ಭಾಷೆಯಲ್ಲಿ ಅಂಚು ಬಿಡುವುದೂ ವ್ಯಾಕರಣವೇ. ಯಾವ ಸಾಲು ಯಾವುದಕ್ಕೆ ಅಧೀನವೆಂಬುದನ್ನು ಅದು ಅಂಚಿನಿಂದಲೇ ತಿಳಿಯುವುದು. ತಿದ್ದಿಕೊಂಡಳು. ಆಗ ತಂಗಿಯು, "ಇದಕ್ಕೆ ಕನ್ನಡ ಬರುವುದೇ?" ಎಂದು ಕೇಳಿದಳು.

ಆಜ್ಞೆಯ ಮಾತುಗಳು ಇಂಗ್ಲಿಷಿನವೇ. ಆದರೆ ಮೂರನೆಯ ಪೈಥಾನಿನಲ್ಲಿ ನಾವು ಇಡುವ ಹೆಸರುಗಳು ಕನ್ನಡದಲ್ಲಿರಬಹುದು. ಹುಡುಗಿಯು ರವಿಕೆ ಎಂದು ಬರೆದು ಅದು 7 ಎಂದಳು. ಮಜೂರಿ ಎಂದು ಬರೆದು ಅದು 250 ಎಂದಳು. ಎರಡರ ನಡುವೆ ನಕ್ಷತ್ರದ ಚಿಹ್ನೆಯನ್ನಿಟ್ಟು ಗುಣಿಸೆಂದಳು. ಕೆಳಗೆ 1750 ಎಂದು ಬಂದಿತು. ಕನ್ನಡದ ಅಂಕಿಯಲ್ಲಿ ೭ ಎಂದು ನೇರವಾಗಿ ಬರೆದರೆ ಒಪ್ಪದು. ಉದ್ಧರಣ ಚಿಹ್ನೆಗಳೊಳಗೆ ಇಟ್ಟು ಪೂರ್ಣಾಂಕವಾಗಿ ಮಾಡೆಂದರೆ ಅದನ್ನೂ ಏಳೆಂದೇ ಓದುವುದು. "ಬಟನ್‌ದರ" ಎಂಬ ಹೆಸರನ್ನು ಮಾತ್ರ ಅದು ಏನು ಮಾಡಿದರೂ ತೆಗೆದುಕೊಳ್ಳಲಿಲ್ಲ. ನಕಾರದ ಕೆಳಗೆ ದಕಾರವು ಒತ್ತಾಗದಂತೆ ನಾವು ನಡುವೆ ಇಡುವ, ಕಣ್ಣಿಗೆ ಕಾಣದ ಗುರುತೊಂದುಂಟು. ಹೆಸರುಗಳಲ್ಲಿ ಅದು ಪೈಥಾನಿಗೆ ನಿಷಿದ್ಧ. ಕನ್ನಡಿಗರಿಗೆ ಇದು ನಿಜವಾದ ತೊಡಕೇ. ಹುಡುಗಿಯು ಅದನ್ನು "ಗುಂಡಿದರ" ಎಂದು ಬದಲಾಯಿಸಿದಳು.

ತಂಗಿಯು ಕನ್ನಡಕವನ್ನು ಹಾಕಿಕೊಂಡು ಪರದೆಯ ಹತ್ತಿರ ಬಾಗಿ ರವಿಕೆ, ಮಜೂರಿ, ಗುಂಡಿದರ ಎಂಬವುಗಳನ್ನು ಒಂದೊಂದಾಗಿ ಓದಿದಳು. ಬಳಿಕ, "ಹುಕ್ಕಿನ ಲೆಕ್ಕ ಬಿಟ್ಟಿದ್ದೀಯಲ್ಲೇ. ಲೈನಿಂಗ್ ಬಟ್ಟೆಗೂ ಬೇರೆ ತೆಗೆದುಕೊಳ್ಳುತ್ತೇನೆ" ಎಂದಳು. ತಾಯಿಮಕ್ಕಳು ಹನ್ನೊಂದು ಗಂಟೆಯ ಪರಿಯಂತರ ಕುಳಿತು ಆ ತಿಂಗಳಿನ ಹೊಲಿಗೆಯ ಲೆಕ್ಕವನ್ನೆಲ್ಲ ತುಂಬಿಸಿದರು. ಮಾರನೆಯ ದಿನ ನಾವು ಊರಿಗೆ ಹೊರಟಾಗ ಪಂಚಾಂಗದ ಕೆಳಗೆ ಕಾಗದವಿರಲಿಲ್ಲ. ಅದರ ಬೆನ್ನಿನ ಮೇಲೆ ಹುಡುಗಿಯು ಹುಕ್ಕು, ಲೈನಿಂಗ್, ದಾರಗಳ ದರವನ್ನು ಬರೆದುಕೊಳ್ಳುತ್ತ ಕುಳಿತಿದ್ದಳು.