ಕೂಸಿನ ಮೂತ್ರಪಿಂಡ ಕಾಯುವ ಒಂದು ಹನಿ ರಕ್ತ

ಹುಟ್ಟಿದ ಎರಡನೆಯ ಅಥವಾ ಮೂರನೆಯ ದಿನ ಕೂಸಿನ ಹಿಮ್ಮಡಿಯ ಅಂಚಿಗೆ ಸಣ್ಣಗೆ ಚುಚ್ಚುತ್ತಾರೆ. ಒಸರುವ ರಕ್ತವನ್ನು ದಪ್ಪನೆಯ ಸೋಸುಕಾಗದದ ಮೇಲೆ ಅಚ್ಚಾದ ವೃತ್ತಗಳಿಗೆ ತುಂಬಿಸಿ, ನೆರಳಿನಲ್ಲಿ ಒಣಗಿಸಿ, ಹುಟ್ಟಿನಿಂದಲೇ ಬರುವ ರೋಗಗಳನ್ನು ಹುಡುಕಲು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಮೆರಿಕದ ರಾಬರ್ಟ್ ಗುತ್ರಿ 1960ರ ದಶಕದಲ್ಲಿ ಬಳಕೆಗೆ ತಂದ ಕ್ರಮ ಇದು.

ಇದರ ಬೆಲೆ ತಿಳಿಯಲು ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ನೋಡಬೇಕು. ಅಲ್ಲಿನ ಸಾಗೆನೇ ಸೀಮೆಯಲ್ಲಿ ಸುಮಾರು 1,850 ಶಿಶುಗಳಲ್ಲಿ ಒಂದಕ್ಕೆ ಟೈರೋಸಿನೀಮಿಯಾ ಎಂಬ ರೋಗದ ಮೊದಲನೆಯ ವಿಧ ಬರುತ್ತದೆ. ಉಳಿದ ಕಡೆ ಇದು ಲಕ್ಷಕ್ಕೊಂದರ ಆಸುಪಾಸು. ಆಹಾರದ ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲ ದೇಹದಲ್ಲಿ ಹಂತಹಂತವಾಗಿ ಒಡೆಯಬೇಕು. ಈ ಮಕ್ಕಳಲ್ಲಿ ಕೊನೆಯ ಹಂತದ ಕಿಣ್ವ ಕೆಲಸ ಮಾಡುವುದಿಲ್ಲ. ಅಲ್ಲೇ ಉಳಿದ ವಿಷವಸ್ತುಗಳು ಯಕೃತ್ತನ್ನು ಕೆಡಿಸುತ್ತವೆ, ಮೂತ್ರಪಿಂಡದ ನಾಳಗಳನ್ನೂ ಬಿಡುವುದಿಲ್ಲ. ದೇಹಕ್ಕೆ ಬೇಕಾದ ಫಾಸ್ಫೇಟ್ ಮೂತ್ರದಲ್ಲಿ ಹರಿದುಹೋಗಿ ಮಗುವಿನ ಮೂಳೆ ಬಾಗುತ್ತದೆ. ಕಾಲು ಸೊಟ್ಟಗಾದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಹಾನಿ ಬಹಳ ಮುಂದುವರಿದಿರುತ್ತದೆ.

ಮದ್ದು ಬಂದದ್ದು ಕಳೆನಾಶಕಗಳ ಸಂಶೋಧನೆಯಿಂದ! ನಿಟಿಸಿನೋನ್ ಎಂಬ ರಾಸಾಯನಿಕ ಟೈರೋಸಿನ್ ಒಡೆಯುವ ಹಾದಿಯ ಮೊದಲಿನ ಹಂತವೊಂದನ್ನು ತಡೆಯುತ್ತದೆ. ಕೆಳಗೆ ಕಾಲುವೆ ಕಟ್ಟಿಕೊಂಡಾಗ ಮೇಲಿನ ತೂಬು ಮುಚ್ಚಿದ ಹಾಗೆ, ವಿಷ ಹುಟ್ಟುವುದೇ ನಿಲ್ಲುತ್ತದೆ. ಸ್ವೀಡನ್ನಿನ ಸ್ವೆನ್ ಲಿಂಡ್‌ಸ್ಟೆಟ್ ಮತ್ತು ಸಂಗಡಿಗರು 1992ರಲ್ಲಿ ಇದನ್ನು ವರದಿ ಮಾಡಿದರು. ಮಾತ್ರೆಯ ಜೊತೆಗೆ ಪ್ರೋಟೀನ್ ಅಳೆದು ಕೊಡುವ ಪಥ್ಯ ಬದುಕಿಡೀ ಬೇಕು. ತಾಯಂದಿರಿಗೆ ಅದು ಸುಲಭವಲ್ಲ. ಆದರೂ ಕ್ವಿಬೆಕ್ಕಿನ ಅಧ್ಯಯನದಲ್ಲಿ, ಮೊದಲ ತಿಂಗಳಲ್ಲೇ ಮದ್ದು ಶುರುವಾದ ಮಕ್ಕಳಲ್ಲಿ ಒಬ್ಬರಿಗೂ ಯಕೃತ್ತಿನ ಕಸಿ ಬೇಕಾಗಲಿಲ್ಲ. ತಡವಾಗಿ ಶುರುವಾದವರಲ್ಲಿ ಕೆಲವರಿಗೆ ಬೇಕಾಯಿತು. ಮದ್ದು ಒಂದೇ, ವ್ಯತ್ಯಾಸ ಮಾಡಿದ್ದು ಹಿಮ್ಮಡಿಯ ಆ ಹನಿ.

ನಮ್ಮಲ್ಲೂ ಈ ಪರೀಕ್ಷೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲೇ ಕರ್ನಾಟಕದ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳಲ್ಲಿ ಅಮೈನೋ ಆಮ್ಲದ ದೋಷಗಳನ್ನು ಹುಡುಕಿದ್ದರು. ತಂದೆತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದಾಗಲೇ ಇಂಥ ರೋಗಗಳಲ್ಲಿ ಹೆಚ್ಚಿನವು ತಲೆದೋರುತ್ತವೆ. ಸೋದರಮಾವ, ಅತ್ತೆ ಮಗ ಎಂದು ಒಳಗೊಳಗೇ ಮದುವೆ ಮಾಡುವ ನಮ್ಮ ನಾಡಿಗೆ ಈ ಪರೀಕ್ಷೆ ಇನ್ನಷ್ಟು ಅಗತ್ಯ.

ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಮಗುವಿನ ಹಿಮ್ಮಡಿ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಿ. ಟೈರೋಸಿನ್ ಮಟ್ಟವೊಂದನ್ನೇ ನೋಡಿದರೆ ಟೈರೋಸಿನೀಮಿಯಾ ತಪ್ಪಿಹೋಗಬಹುದು; ಅದರ ವಿಷವಸ್ತುಗಳಲ್ಲೊಂದಾದ ಸಕ್ಸಿನೈಲ್ ಅಸಿಟೋನನ್ನೂ ಅಳೆಯುತ್ತಾರೆಯೇ ಎಂದು ವಿಚಾರಿಸಿ. ವರದಿಯನ್ನು ಕೇಳಿ ಪಡೆಯದೆ ಸುಮ್ಮನಿರಬೇಡಿ.