ಅನ್ನಕ್ಕೆ ಕಾನಿನ್ ಅಂತಾರೆ: ಸಿರುಗುಪ್ಪದ ಭತ್ತ, ಗಲ್ಫಿನ ತಗಾಲೋಗ್

ಸಿರುಗುಪ್ಪ ಅಂದರೆ ಭತ್ತ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಈ ಕಡೆಯ ಗದ್ದೆ, ಮಿಲ್ಲು, ಮಾರುಕಟ್ಟೆ ಎಲ್ಲವೂ ಭತ್ತದ ಸುತ್ತಲೇ ತಿರುಗುತ್ತಿವೆ. ಕರಾವಳಿಯಿಂದ ಬಂದು ಇಲ್ಲಿ ಮಕ್ಕಳಿಗೆ ಪಾಠ ಹೇಳುವ ನಮಗೆ ಇಲ್ಲಿನ ಮಾತೇ ಒಂದು ಪಾಠ. ಕನ್ನಡದವರು ಭತ್ತ, ಅಕ್ಕಿ, ಅನ್ನ ಎನ್ನುತ್ತಾರೆ. ಆಂಧ್ರದ ಗಡಿ ಹತ್ತಿರ ಇರುವುದರಿಂದ ತೆಲುಗೂ ಕೇಳಿಸುತ್ತದೆ: ವಡ್ಲು, ಬಿಯ್ಯಂ, ಅನ್ನಂ. ದಖ್ನಿ ಮನೆಗಳಲ್ಲಿ ಧಾನ್, ಚಾವಲ್, ಆಮೇಲೆ ತಟ್ಟೆಗೆ ಬಂದದ್ದು ಖಾನಾ. ನಮ್ಮ ಊರಲ್ಲಿ ತುಳುವರು ಬಾರ್, ಅರಿ, ನುಪ್ಪು ಅಂದರೆ, ನಾವು ಬ್ಯಾರಿಗಳು ಅಕ್ಕಿಗೆ ಅರಿ, ಅನ್ನಕ್ಕೆ ಚೋರು ಅಂತೇವೆ.

ಗದ್ದೆಯಲ್ಲಿ ಒಂದು ಹೆಸರು, ಚೀಲದಲ್ಲಿ ಒಂದು, ತಟ್ಟೆಯಲ್ಲಿ ಇನ್ನೊಂದು. ಭತ್ತ ಬೆಳೆದು ಉಂಡವರ ಭಾಷೆ ಹೀಗೇ ಇರುತ್ತದೆ. ಇಂಗ್ಲಿಷಿನಲ್ಲಿ ಅಕ್ಕಿಗೂ ರೈಸ್, ಅನ್ನಕ್ಕೂ ರೈಸ್.

ಇದನ್ನು ಈಗ ಹೇಳಲು ಕಾರಣವಿದೆ. ನಮ್ಮ ಎಷ್ಟೋ ಮನೆಯ ಹುಡುಗರು ಗಲ್ಫಿನಲ್ಲಿ ದುಡಿಯುತ್ತಿದ್ದಾರೆ. ಅಂಗಡಿಯಲ್ಲಿ, ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ ಅವರ ಪಕ್ಕದಲ್ಲೇ ಫಿಲಿಪ್ಪೀನ್ಸಿನವರೂ ಇರುತ್ತಾರೆ. ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿದರೂ "ಕಬಾಯನ್" ಅನ್ನುವ ಒಂದು ಪದ ಬಿಟ್ಟರೆ ಬೇರೇನೂ ಕಲಿಯದೆ ಊರಿಗೆ ಮರಳುವವರೇ ಹೆಚ್ಚು. ಆ ಪದದ ಅರ್ಥವಾದರೂ ಗೊತ್ತಾ? "ಬಾಯನ್" ಅಂದರೆ ಊರು, ನಾಡು. ಕಬಾಯನ್ ಅಂದರೆ ನಮ್ಮೂರಿನವ. ಅವರು ತಮ್ಮವರನ್ನು ಪ್ರೀತಿಯಿಂದ ಕರೆಯುವ ಮಾತು ಅದು.

ಅವರ ತಗಾಲೋಗ್ ಭಾಷೆಯೂ ಅನ್ನ ಉಂಡವರ ಭಾಷೆ. ಭತ್ತಕ್ಕೆ ಪಾಲಯ್, ಅಕ್ಕಿಗೆ ಬಿಗಾಸ್, ಅನ್ನಕ್ಕೆ ಕಾನಿನ್. ಸಿರುಗುಪ್ಪದ ಮಿಲ್ಲಿನಲ್ಲಿ ನಿಂತು ಒಂದೊಂದಾಗಿ ತೋರಿಸಿದರೆ ಅವರ ಬಳಿ ಎಲ್ಲದಕ್ಕೂ ಪದ ಇದೆ: ಹೊಟ್ಟಿಗೆ ಇಪಾ, ತೌಡಿಗೆ ದರಾಕ್, ನುಚ್ಚಿಗೆ ಬಿನ್ಲಿದ್, ಗಂಜಿಗೆ ಲುಗಾವ್. ಅವರ ಪಾಲಯ್ ಮಲಯ್ ಭಾಷೆಯ ಪಾದಿಗೆ ತಮ್ಮನೋ ಅಣ್ಣನೋ. ಇಂಗ್ಲಿಷಿನ ಪ್ಯಾಡಿ ಬಂದದ್ದು ಅದೇ ಪಾದಿಯಿಂದ.

ಪದದ ಒಳಗೆ ಇಳಿದರೆ ಇನ್ನೂ ಚೆಂದ. ತಗಾಲೋಗ್‌ನಲ್ಲಿ "ಕಾಯಿನ್" ಅಂದರೆ ತಿನ್ನು. ಅದಕ್ಕೆ "ಇನ್" ಸೇರಿ ಕಾನಿನ್ ಆಯಿತು, ಅಂದರೆ ತಿನ್ನುವಂಥದ್ದು. ನಮ್ಮ ಅನ್ನ ಎಂಬ ಪದ ಸಂಸ್ಕೃತದ್ದು, "ಅದ್" ಎಂಬ ಧಾತುವಿನಿಂದ ಬಂದದ್ದು. ಅದರ ಅರ್ಥವೂ ತಿನ್ನುವುದೇ. ದಖ್ನಿಯ ಖಾನಾ ಕೂಡ ಹಾಗೆಯೇ. ಮೂರು ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ಯೋಚನೆಯಿಂದ ಅನ್ನಕ್ಕೆ ಹೆಸರಿಟ್ಟಿದ್ದಾರೆ.

ಹಾಗಂತ ಖಾನಾ ಮತ್ತು ಕಾನಿನ್ ಕಿವಿಗೆ ಒಂದೇ ಥರ ಕೇಳಿಸಿತು ಎಂದು ನೆಂಟಸ್ತನ ಕಟ್ಟಬಾರದು. ಅದು ಬರೀ ಕಾಕತಾಳೀಯ. ಅವರ ಭಾಷೆಯಲ್ಲಿ "ಅಮಾ" ಅಂದರೆ ಅಪ್ಪ! ಧ್ವನಿ ನೋಡಿ ಮೂಲ ಹೇಳಲು ಹೋದರೆ ಹೀಗೆ ಎಡವುತ್ತೇವೆ. ಪದ ಯಾವ ದಾರಿಯಲ್ಲಿ ಬಂತು ಎಂದು ನೋಡಬೇಕು.

ಆ ದಾರಿ ಗೊತ್ತಿರುವ ಪದಗಳೂ ಬಹಳ ಇವೆ. ಕೃತಜ್ಞತೆ ಹೇಳಲು ಅವರು "ಸಲಾಮತ್" ಅನ್ನುತ್ತಾರೆ. ಅದು ಅರಬಿಯ ಸಲಾಮತ್ತೇ, ಕ್ಷೇಮ ಎಂಬ ಅರ್ಥದ್ದು. ಮಲಯ್ ಭಾಷೆಯ ಮೂಲಕ ಅಲ್ಲಿಗೆ ತಲುಪಿತು. ನ್ಯಾಯಾಧೀಶರಿಗೆ "ಹುಕೋಮ್". ಅರಬಿಯ ಹುಕ್ಮ್ ನಮ್ಮಲ್ಲಿ ಹುಕುಂ ಆಗಿ ಅಪ್ಪಣೆಯಾಯಿತು, ಅಲ್ಲಿ ತೀರ್ಪು ಕೊಡುವವನಾಯಿತು. ಗುರುವಿಗೆ "ಗುರೋ", ಮುಖಕ್ಕೆ "ಮುಕ್‌ಹಾ". ಸಂಸ್ಕೃತದ ದುಃಖ ಅಲ್ಲಿ "ದುಕ್‌ಹಾ" ಆಗಿ ಕಡುಬಡವ ಎಂಬ ಅರ್ಥ ಪಡೆದಿದೆ. ಬಡತನಕ್ಕಿಂತ ದೊಡ್ಡ ದುಃಖ ಯಾವುದು ಅಂತ ಕೇಳಿದ ಹಾಗಿದೆ ಅಲ್ವಾ?

ಸ್ಪೇನಿನವರು 1565ರಿಂದ 1898ರ ತನಕ ಆ ದೇಶ ಆಳಿದರು. ಹಾಗಾಗಿ ಮೇಜಿಗೆ ಮೇಸಾ, ಸಾಬೂನಿಗೆ ಸಬೋನ್, ಹೇಗಿದ್ದೀರಿ ಅನ್ನಲು ಕುಮುಸ್ತಾ. ಸಕ್ಕರೆಗೆ ಅಸುಕಾಲ್. ಈ ಪದದ ಪ್ರಯಾಣ ಕೇಳಿ: ಸಂಸ್ಕೃತದ ಶರ್ಕರಾ ಪಾರ್ಸಿಯಲ್ಲಿ ಶಕರ್, ಅರಬಿಯಲ್ಲಿ ಸುಕ್ಕರ್, ಸ್ಪೇನಿನಲ್ಲಿ ಅಸೂಕರ್, ಮನಿಲಾದಲ್ಲಿ ಅಸುಕಾಲ್. ಇಲ್ಲಿಂದ ಹೊರಟ ಸಕ್ಕರೆ ಅರ್ಧ ಭೂಮಿ ಸುತ್ತಿದೆ. ಅಣ್ಣನಿಗೆ ಕುಯಾ, ಅಕ್ಕನಿಗೆ ಆತೆ ಅನ್ನುವ ಪದಗಳು ಚೀನಾದ ವ್ಯಾಪಾರಿಗಳ ಹೊಕ್ಕಿಯೆನ್ ಮಾತಿನಿಂದ ಬಂದವು.

ಈ ನಂಟು ಹಳೆಯದು ಎನ್ನಲು ಒಂದು ತಾಮ್ರಪಟವೇ ಸಾಕ್ಷಿ. 1989ರಲ್ಲಿ ಮನಿಲಾ ಹತ್ತಿರದ ಲಗುನಾ ಪ್ರಾಂತ್ಯದಲ್ಲಿ ಅದು ಸಿಕ್ಕಿತು. ಅದರ ಮೇಲಿರುವುದು ಶಕವರ್ಷ 822, ಅಂದರೆ ಕ್ರಿ.ಶ. 900. ತಿಂಗಳು ವೈಶಾಖ. ನಮ್ಮ ಕನ್ನಡ ಶಾಸನಗಳಲ್ಲಿ ಕಾಣುವ ಅದೇ ಶಕ, ಅದೇ ಮಾಸ. ವಿಷಯ ರಾಜನ ಪರಾಕ್ರಮವಲ್ಲ, ಒಂದು ಕುಟುಂಬದ ಸಾಲ ಮನ್ನಾ. ಅದೇ ಲಗುನಾದ ಲೋಸ್ ಬಾನ್ಯೋಸ್‌ನಲ್ಲಿ 1960ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. 1966ರಲ್ಲಿ ಹೊರಬಂದ ಐಆರ್-8, ಆಮೇಲಿನ ಐಆರ್-64 ತಳಿಗಳು ಅಲ್ಲಿಯವು. ನಮ್ಮ ಭತ್ತದ ರೈತರಿಗೆ ಈ ಹೆಸರುಗಳು ಹೊಸತಲ್ಲ. ಪದ ಇಲ್ಲಿಂದ ಅಲ್ಲಿಗೆ ಹೋಗಿತ್ತು, ಬೀಜ ಅಲ್ಲಿಂದ ಇಲ್ಲಿಗೆ ಬಂತು.

ಅವರ ಮಾತು ಎಲ್ಲರಿಂದ ಕಡ ತಂದ ಮಿಶ್ರ ಭಾಷೆ ಅಂತ ನಗುವವರಿದ್ದಾರೆ. ಈ ನಗು ನಮಗೆ ಚೆನ್ನಾಗಿ ಗೊತ್ತು. ನಮ್ಮ ಬ್ಯಾರಿ ಭಾಷೆಯನ್ನೂ "ನಕ್ಕ್ ನಿಕ್ಕ್" ಅಂದವರಿದ್ದರು. ಮಲಯಾಳಂ, ತುಳು, ಅರಬಿ ಸೇರಿದ ಕಲಬೆರಕೆ ಅಂದರು. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆ ಆಗುವ ತನಕ ಸರಕಾರದ ಲೆಕ್ಕದಲ್ಲಿ ನಮ್ಮ ಮಾತಿಗೆ ಒಂದು ಮನೆಯೂ ಇರಲಿಲ್ಲ. ಆ ನೋವು ಉಂಡವರು ಇನ್ನೊಬ್ಬರ ಮಾತನ್ನು ಅಣಕಿಸುವುದು ಸಲ್ಲದು. ಪದ ಕಡ ತಂದ ಭಾಷೆ ಬಡ ಭಾಷೆಯಲ್ಲ, ನಾಲ್ಕು ಜನರ ಜೊತೆ ಬಾಳಿದ ಭಾಷೆ.

ಗಲ್ಫಿಗೆ ಹೊರಟ ಹುಡುಗರಿಗೆ ನಮ್ಮದೊಂದು ಮಾತು. ಇಷ್ಟಾದರೂ ಕಲಿತು ಹೋಗಿ: ತುಬಿಗ್ ಅಂದರೆ ನೀರು, ತುಲೋಂಗ್ ಅಂದರೆ ಸಹಾಯ, ಇಂಗಾತ್ ಅಂದರೆ ಹುಷಾರು. ಮಸಕಿತ್ ಅಂದರೆ ನೋಯುತ್ತಿದೆ. ಈ ಕೊನೆಯ ಪದವನ್ನು ಸಸಾರ ಮಾಡಬೇಡಿ. ಅಲ್ಲಿನ ಆಸ್ಪತ್ರೆಗಳಲ್ಲಿ ಮಲಯಾಳಿ ನರ್ಸುಗಳ ಹಾಗೆ ಫಿಲಿಪ್ಪೀನ್ಸಿನ ನರ್ಸುಗಳೂ ಬಹಳ. ಯಾರ ಕೈ ನಮ್ಮ ನಾಡಿ ಹಿಡಿಯುತ್ತದೆ ಅಂತ ಮೊದಲೇ ಹೇಳಲಾಗದು.

ಹಿರಿಯರೊಡನೆ ಮಾತಾಡುವಾಗ "ಪೋ" ಸೇರಿಸಿ, ಅದು ಮರ್ಯಾದೆಯ ಪದ. "ಕಾ" ಅಂದರೆ ನೀನು, "ಕಾಯೋ" ಅಂದರೆ ನೀವು. ಒಬ್ಬರೇ ಇದ್ದರೂ ಗೌರವಕ್ಕೆ ಬಹುವಚನ, ಥೇಟ್ ಕನ್ನಡದ ಹಾಗೆ.

ಮತ್ತೆ, ನಾವು ದಾರಿಯಲ್ಲಿ ಸಿಕ್ಕವರನ್ನು ಊಟ ಆಯ್ತಾ ಅಂತ ಕೇಳ್ತೇವಲ್ಲ, ಅವರೂ ಕೇಳ್ತಾರೆ: "ಕುಮಾಯಿನ್ ನಾ ಪೋ ಕಾಯೋ?" ಡ್ಯೂಟಿ ಮುಗಿಸಿ ಬಂದ ಪಕ್ಕದವರನ್ನು ಅವರದೇ ಮಾತಿನಲ್ಲಿ ಹೀಗೊಮ್ಮೆ ಕೇಳಿ ನೋಡಿ. ಆಮೇಲಿನ ಪಾಠ ಅವರೇ ಹೇಳಿಕೊಡುತ್ತಾರೆ.